ಬಾಲ್ಕನಿಯ ಉರುಳಿಯಲ್ಲೊಂದು ಆಮೆ

ಕಳೆದ ತಿಂಗಳು ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದೂವರೆಗೆ, ಜಯನಗರದ ಒಂದು ಪ್ರಾಣಿಗಳ ಕ್ಲಿನಿಕ್‌ನಲ್ಲಿ, ನಾನೊಬ್ಬ ಅಪರಾಧಿ ಎಂದು ನನಗೆ ಗೊತ್ತಾಯಿತು. (ಅಪರಾಧಿಯಾಗಿ ಆಗಲೇ ನಾಲ್ಕು ತಿಂಗಳಾಗಿತ್ತು. ತಿಳಿದದ್ದು ಮಾತ್ರ ಅವತ್ತು.)

ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಾನು ಟೇಬಲ್ ಮೇಲಿಟ್ಟ ಬಟ್ಟೆಚೀಲದೊಳಗೆ ಇಣುಕಿ ನೋಡಿದರು. ಎದ್ದು ಹೋಗಿ ಬಾಗಿಲು ಹಾಕಿ ಬಂದರು. ಹೊರಗೆ ಲ್ಯಾಬ್ರಡಾರ್ ಹಿಡಿದು ಕೂತಿದ್ದ ದಂಪತಿಗೆ ಕೇಳಿಸಬಾರದು ಎಂದಿರಬೇಕು.

“ಇದನ್ನ ಎಲ್ಲಿಂದ ತಂದ್ರಿ ಮೇಡಂ?”

“ಗಿಫ್ಟ್ ಬಂದಿದ್ದು.”

“ಮನೇಲಿ ಎಲ್ಲಿ ಇಟ್ಟಿದ್ರಿ?”

“ಬಾಲ್ಕನೀಲಿ. ಉರುಳಿಗೆ ನೀರು ತುಂಬಿಸಿ, ಅದರೊಳಗೆ.”

ಆಕೆ ಒಂದು ಕ್ಷಣ ಕಣ್ಣು ಮುಚ್ಚಿಕೊಂಡರು. ನಾನು ಇಪ್ಪತ್ತಾರು ವರ್ಷ ಮೇಷ್ಟರಾಗಿದ್ದವಳು. ದಡ್ಡ ಉತ್ತರ ಕೇಳಿದಾಗ ಮೇಷ್ಟರು ಹೀಗೇ ಕಣ್ಣು ಮುಚ್ಚುತ್ತಾರೆ ಎಂದು ನನಗೆ ಚೆನ್ನಾಗಿ ಗೊತ್ತು.

ಗಾಬರಿ ಬೇಡ. ಇದನ್ನು ನಾನು ಜೆ.ಪಿ. ನಗರದ ನಮ್ಮ ಮನೆಯಲ್ಲೇ ಕೂತು, ಎರಡನೇ ಕಾಫಿ ಕುಡಿಯುತ್ತಾ ಬರೆಯುತ್ತಿದ್ದೇನೆ. ಪರಪ್ಪನ ಅಗ್ರಹಾರದಿಂದ ಅಲ್ಲ. ಆದರೆ ಅವತ್ತಿನಿಂದ ಮರುದಿನದವರೆಗೆ ನಮ್ಮ ಮನೆಯಲ್ಲಿ ಯಾರ ಗಂಟಲಲ್ಲೂ ಅನ್ನ ಇಳಿಯಲಿಲ್ಲ ಎಂಬುದೂ ನಿಜ.

ಚೀಲದಲ್ಲಿದ್ದದ್ದು ಒಂದು ಆಮೆ. ಕಪ್ಪು ಚಿಪ್ಪು, ಅದರ ಮೇಲೆ ಹಳದಿ ಗೆರೆಗಳ ನಕ್ಷತ್ರಗಳು. ಹಪ್ಪಳದಷ್ಟು ಅಗಲ. ಯಾರೋ ಪುರುಸೊತ್ತಾಗಿ ಕೂತು ರಂಗೋಲಿ ಬಿಡಿಸಿದ ಹಾಗಿತ್ತು. ಅದನ್ನು ನಮ್ಮ ಮನೆಗೆ ತಂದವರು ನನ್ನ ಗಂಡನ ಅಕ್ಕ, ಬನಶಂಕರಿ ಎರಡನೇ ಹಂತದ ಶಾರದಕ್ಕ.

ಶಾರದಕ್ಕನಿಗೆ ಎಪ್ಪತ್ತೊಂದು. ತಾಯಿ ಬೇಗ ಹೋದದ್ದರಿಂದ ತಮ್ಮನನ್ನು ಸಾಕಿದವರು ಅವರೇ. ಆ ತಮ್ಮನಿಗೆ, ಅಂದರೆ ನಮ್ಮವರಿಗೆ, ಈಗ ಅರವತ್ತೆರಡು. ಅಕ್ಕನ ಲೆಕ್ಕದಲ್ಲಿ ಇನ್ನೂ ಹನ್ನೆರಡು. ಹೋದ ವರ್ಷ ನಮ್ಮವರಿಗೆ ಎದೆನೋವು ಬಂದು ಸ್ಟೆಂಟ್ ಹಾಕಿಸಿದಾಗ ಆಸ್ಪತ್ರೆಯ ಕಾರಿಡಾರ್‌ನಲ್ಲಿ ನನಗಿಂತ ಹೆಚ್ಚು ಅತ್ತವರು ಅವರು. (ನಾನು ಇನ್ಶೂರೆನ್ಸ್ ಫಾರಂ ತುಂಬುತ್ತಿದ್ದೆ. ಅಳುವುದಕ್ಕೆ ಟೈಮ್ ಸಿಗಲಿಲ್ಲ.)

ಅಲ್ಲಿಂದ ಶುರುವಾಯಿತು ತಮ್ಮನ ಆಯಸ್ಸಿನ ಚಿಂತೆ. ಮೃತ್ಯುಂಜಯ ಹೋಮ ಆಯಿತು. ನಮ್ಮ ಫ್ಲ್ಯಾಟಿನ ವಾಸ್ತು ನೋಡಲು ಒಬ್ಬರನ್ನು ಕರೆತಂದದ್ದಾಯಿತು. ಆ ಮಹಾನುಭಾವರು ಹಾಲ್‌ನಲ್ಲಿ ದಿಕ್ಸೂಚಿ ಹಿಡಿದು ಮೂರು ಸುತ್ತು ಹಾಕಿ, ಬಾಲ್ಕನಿಗೆ ಬಂದು ನಿಂತು, “ಇಲ್ಲಿ ಒಂದು ಜೀವಂತ ಆಮೆ ಇರ್ಬೇಕಮ್ಮ. ನೀರಲ್ಲಿ, ಉತ್ತರಕ್ಕೆ ಮುಖ ಮಾಡಿ. ಯಜಮಾನರ ಆಯಸ್ಸಿಗೆ ಒಳ್ಳೇದು” ಎಂದರು. ಹದಿನೈದು ದಿನದಲ್ಲಿ ಅದನ್ನು ತರಿಸಿಕೊಟ್ಟವರೂ ಅವರೇ. ಶೂ ಬಾಕ್ಸಿನಲ್ಲಿ.

ನಮ್ಮನೆಯಲ್ಲಿ ಹೂವು ತೇಲಿಬಿಡುವ ಅಗಲವಾದ ಹಿತ್ತಾಳೆ ಉರುಳಿ ಇತ್ತು. ಅದಕ್ಕೆ ಅರ್ಧ ಚಿಪ್ಪು ಮುಳುಗುವಷ್ಟು ನೀರು ಹಾಕಿ ಆಮೆಯನ್ನು ಬಿಟ್ಟೆವು. ಕೂರ್ಮಯ್ಯ ಎಂದು ಹೆಸರಿಟ್ಟೆವು. ಅದು ಪಾಪ ದಿನವಿಡೀ ಉರುಳಿಯ ಅಂಚನ್ನು ಪರಚುತ್ತಾ ಮೇಲೇರಲು ನೋಡುತ್ತಿತ್ತು. “ನೋಡು, ಆಟ ಆಡ್ತಿದೆ” ಎನ್ನುತ್ತಿದ್ದೆವು. ದಕ್ಷಿಣಕ್ಕೆ ತಿರುಗಿದಾಗಲೆಲ್ಲ ನಮ್ಮವರು ಎತ್ತಿ ಉತ್ತರಕ್ಕೆ ತಿರುಗಿಸಿ ಕೂರಿಸುತ್ತಿದ್ದರು. ಊಟಕ್ಕೆ ಮೊಸರನ್ನ, ಬಾಳೆಹಣ್ಣು. ಏಕಾದಶಿ ದಿನ ಅವಲಕ್ಕಿ. ನಗಬೇಡಿ. ಮನೆಯವರೆಲ್ಲ ಅನ್ನ ಬಿಟ್ಟ ದಿನ ಆಮೆಗೊಂದೇ ಅನ್ನ ಕೊಡುವುದು ಹೇಗೆ?

ನಾಲ್ಕನೇ ತಿಂಗಳಿಗೆ ಕೂರ್ಮಯ್ಯ ಪರಚುವುದನ್ನು ನಿಲ್ಲಿಸಿದ. ಮೂಗಿನಲ್ಲಿ ಗುಳ್ಳೆ ಬರತೊಡಗಿತು. ಬಾಯಿ ತೆರೆದು ಉಸಿರೆಳೆಯುವಾಗ ಸಣ್ಣಗೆ ಸುಂಯ್ ಎಂಬ ಸದ್ದು. ಹಾಗಾಗಿ ನಾನು ಆಟೋ ಹತ್ತಿ ಜಯನಗರಕ್ಕೆ ಹೋದದ್ದು.

“ಇದು ನೀರಿನ ಆಮೆ ಅಲ್ಲ ಮೇಡಂ” ಎಂದರು ಡಾಕ್ಟರ್, ಇಂಜೆಕ್ಷನ್ ಕೊಡುತ್ತಾ. “ಒಣಭೂಮಿ ಪ್ರಾಣಿ. ಹುಲ್ಲು, ಸೊಪ್ಪು ತಿಂದ್ಕೊಂಡು ಬಿಸಿಲಲ್ಲಿ ಓಡಾಡೋದು. ಇದಕ್ಕೆ ಈಜೋಕೇ ಬರಲ್ಲ. ನಾಲ್ಕು ತಿಂಗಳು ನೀರಲ್ಲಿ ಇಟ್ಟಿದ್ದೀರ. ನ್ಯುಮೋನಿಯಾ ಆಗಿದೆ. ಚಿಪ್ಪು ಮೆತ್ತಗಾಗಿದೆ.”

ನನ್ನ ಕಿವಿ ಬಿಸಿಯಾಯಿತು.

“ಇನ್ನೊಂದು ವಿಷ್ಯ. ಇದು ನಕ್ಷತ್ರ ಆಮೆ. ಮನೇಲಿ ಇಟ್ಕೊಳ್ಳೋದು ಕಾನೂನಿಗೆ ವಿರುದ್ಧ. ವನ್ಯಜೀವಿ ಕಾಯ್ದೇಲಿ ಫಸ್ಟ್ ಶೆಡ್ಯೂಲ್. ನೀವೇ ಹೋಗಿ ಫಾರೆಸ್ಟ್ ಡಿಪಾರ್ಟ್‌ಮೆಂಟ್‌ಗೆ ಕೊಟ್ಬಿಡಿ. ಇವತ್ತು, ಇಲ್ಲ ನಾಳೆ. ಅದಕ್ಕಿಂತ ತಡ ಮಾಡಿದ್ರೆ ಇದು ಉಳಿಯಲ್ಲ, ನಾನೂ ಸುಮ್ಮನಿರೋಕಾಗಲ್ಲ.”

ಫಸ್ಟ್ ಶೆಡ್ಯೂಲ್ ಎಂದರೇನು ಗೊತ್ತೆ? ಹುಲಿ ಇರುವ ಪಟ್ಟಿ. ಆನೆ ಇರುವ ಪಟ್ಟಿ. ಕಾನೂನಿನ ಕಣ್ಣಿನಲ್ಲಿ ನಾನು ನಾಲ್ಕು ತಿಂಗಳಿಂದ ಜೆ.ಪಿ. ನಗರ ಏಳನೇ ಫೇಸಿನ ಬಾಲ್ಕನಿಯಲ್ಲಿ ಒಂದು ಹುಲಿಯನ್ನು ಕಟ್ಟಿಹಾಕಿ ಅದಕ್ಕೆ ಮೊಸರನ್ನ ಹಾಕುತ್ತಿದ್ದೆ.

ನಾನು ಪಾಠ ಮಾಡುತ್ತಿದ್ದದ್ದು ಸಮಾಜ ವಿಜ್ಞಾನ. ಮೂಲಭೂತ ಕರ್ತವ್ಯಗಳು ಎಂಬ ಅಧ್ಯಾಯವನ್ನು ಎಷ್ಟು ಬ್ಯಾಚಿಗೆ ಉರು ಹೊಡೆಸಿದ್ದೇನೋ ಲೆಕ್ಕವಿಲ್ಲ. ಅರಣ್ಯ, ಕೆರೆ, ನದಿ, ವನ್ಯಜೀವಿಗಳನ್ನು ರಕ್ಷಿಸುವುದು ಮತ್ತು ಜೀವಿಗಳ ಬಗ್ಗೆ ಅನುಕಂಪ ಹೊಂದಿರುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯ. ‘ಅನುಕಂಪ’ ಬಿಟ್ಟು ಬರೆದವರಿಗೆ ಅರ್ಧ ಅಂಕ ಕಳೆಯುತ್ತಿದ್ದೆ. ಆ ಹುಡುಗರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ಆ ಅರ್ಧ ಅಂಕವನ್ನು ಇವತ್ತು ವಾಪಸ್ ಕೊಟ್ಟಿದ್ದೇನೆ, ದಯವಿಟ್ಟು ತೆಗೆದುಕೊಳ್ಳಿ.

ಸಂಜೆ ಮನೆಯಲ್ಲಿ ಸಭೆ ಸೇರಿತು. ನಾನು, ನಮ್ಮವರು, ಬನಶಂಕರಿಯಿಂದ ಓಡಿಬಂದ ಶಾರದಕ್ಕ. ಕೂರ್ಮಯ್ಯನನ್ನು ಉರುಳಿಯಿಂದ ತೆಗೆದು ಒಣ ಟವೆಲ್ ಹಾಸಿದ ಬುಟ್ಟಿಯಲ್ಲಿ ಮಲಗಿಸಿದ್ದೆ. ನಮ್ಮವರು ಫೋನ್ ತೆಗೆದು ಕಾಯ್ದೆಯನ್ನು ಗಟ್ಟಿಯಾಗಿ ಓದಿದರು. “ಗಿಣಿ ಸಾಕೋದೂ ತಪ್ಪಂತೆ. ಈ ಆಮೆಗಾದ್ರೆ ಕಡಿಮೆ ಅಂದ್ರೆ ಮೂರು ವರ್ಷ ಜೈಲು. ಜಾಸ್ತಿ ಅಂದ್ರೆ ಏಳು.”

“ಜೈಲಾ?” ಶಾರದಕ್ಕ ಎದೆ ಹಿಡಿದುಕೊಂಡರು. “ಕೂರ್ಮಾವತಾರ ಕಣೋ ಅದು. ಭಗವಂತನ್ನ ಮನೇಲಿ ಇಟ್ಕೊಂಡ್ರೆ ಜೈಲಾ?”

“ಭಗವಂತನ್ನ ಶೂ ಬಾಕ್ಸಲ್ಲಿ ತಂದ್ರೆ ಜೈಲು, ಅಕ್ಕ.”

ನಮ್ಮವರಿಗೆ ಇಂಥ ಹೊತ್ತಿನಲ್ಲೇ ತಮಾಷೆ ಹೊಳೆಯುತ್ತದೆ. ಯಾರೂ ನಗಲಿಲ್ಲ.

ಈ ದೇಶದಲ್ಲಿ ಪ್ರಾಣಿಗಳ ಕಾನೂನು ಎಷ್ಟು ವಿಚಿತ್ರ ನೋಡಿ. ಬೀದಿ ನಾಯಿಯ ಬೆನ್ನು ಮುರಿಯುವ ಹಾಗೆ ಬಡಿದು ಮೊದಲ ಸಲ ಸಿಕ್ಕಿಬಿದ್ದರೆ, ಹಿಂಸೆ ತಡೆಯುವ ಹಳೇ ಕಾಯ್ದೆಯಲ್ಲಿ ಹೆಚ್ಚೆಂದರೆ ಐವತ್ತು ರೂಪಾಯಿ ದಂಡ. ಜಯನಗರದಲ್ಲಿ ಐವತ್ತು ರೂಪಾಯಿಗೆ ಒಂದು ಮಸಾಲೆ ದೋಸೆ ಬಂದರೆ ಹೆಚ್ಚು. ಅದೇ ಕಾಡಿನ ಆಮೆಯನ್ನು ಪ್ರೀತಿಯಿಂದ ಸಾಕಿದರೆ ಮೂರು ವರ್ಷ. ಮೊದಲು ನನಗೂ ಇದು ಅನ್ಯಾಯ ಅನ್ನಿಸಿತು. ನಾವೇನು ಹೊಡೆದೆವಾ, ಬಡಿದೆವಾ? ಆದರೆ ಬುಟ್ಟಿಯಿಂದ ಸುಂಯ್ ಸುಂಯ್ ಎಂದು ಕೇಳುತ್ತಲೇ ಇತ್ತು. ನಾವು ಹೊಡೆದಿರಲಿಲ್ಲ, ಬಡಿದಿರಲಿಲ್ಲ, ದಿನಾ ಕೈಮುಗಿಯುತ್ತಿದ್ದೆವು. ಅದರ ಶ್ವಾಸಕೋಶಕ್ಕೆ ನೀರು ಹೊಕ್ಕದ್ದು ನಮ್ಮ ಭಕ್ತಿಯಿಂದಲೇ.

ಶಾರದಕ್ಕ ಒಂದು ಉಪಾಯ ಹೇಳಿದರು. “ಯಾರಿಗೂ ಹೇಳೋದು ಬೇಡ. ಬೆಳಿಗ್ಗೆ ವಾಕಿಂಗ್ ಹೋದ ಹಾಗೆ ಹೋಗಿ ಕೆರೆಗೆ ಬಿಟ್ಬಿಡೋಣ. ಅದರ ಪಾಡಿಗೆ ಅದು ಇರತ್ತೆ, ನಮ್ಮ ಪಾಡಿಗೆ ನಾವು.”

“ಡಾಕ್ಟರು ಅದು ಒಣಭೂಮಿ ಪ್ರಾಣಿ ಅಂದ್ರು...” ಎಂದೆ.

“ಆಮೆಗೆ ಈಜು ಬರಲ್ಲ ಅಂತ ಎಲ್ಲಾದ್ರೂ ಉಂಟೇನೆ ವಿಜಯಾ? ಈಗಿನ ಡಾಕ್ಟರು ಏನೇನೋ ಹೇಳ್ತಾರೆ.”

ನಾನು ಸುಮ್ಮನಾದೆ.

ಇಲ್ಲಿ ನಿಮ್ಮ ಮುಂದೆ ಒಂದು ತಪ್ಪೊಪ್ಪಿಗೆ. ಈ ಆಮೆಗೆ ಈಜು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಡಾಕ್ಟರ್ ಹೇಳಿದ್ದು ನನ್ನ ಕಿವಿಯಲ್ಲೇ ಇತ್ತು. ಆದರೂ ಸುಮ್ಮನಾದೆ, ಯಾಕೆಂದರೆ ಹೆದರಿದ್ದೆ. ಮೂರು ವರ್ಷ ಎಂಬ ಮಾತು ತಲೆಯೊಳಗೆ ಹೊಕ್ಕ ಮೇಲೆ, ಅಕ್ಕ ಹೇಳಿದ್ದೇ ನಿಜ ಇರಬಹುದು ಎಂದು ನಂಬುವುದು ಬಹಳ ಸುಲಭವಾಯಿತು. ನಾನು ಕೆಟ್ಟವಳೇನಲ್ಲ. ಕೆಟ್ಟ ಕೆಲಸಕ್ಕೆ ಕೆಟ್ಟವರೇ ಆಗಬೇಕೆಂದಿಲ್ಲ ಎಂದು ನನಗೆ ಅವತ್ತು ಅರ್ಥವಾಯಿತು.

ಮರುದಿನ ಬೆಳಿಗ್ಗೆ ಆರೂಮುಕ್ಕಾಲಿಗೆ ನಾವು ಮೂವರೂ ಸುಬ್ರಹ್ಮಣ್ಯಪುರದ ಕಡೆಯ ಒಂದು ಕೆರೆಯ ದಂಡೆಯಲ್ಲಿದ್ದೆವು. ನಮ್ಮೂರ ಕೆರೆಗಳ ವಿಷಯ ನಿಮಗೆ ಗೊತ್ತಲ್ಲ. ಕೆರೆಗೆ ಚರಂಡಿ ನೀರು ಬಂದು ಸೇರುವುದನ್ನು ಯಾರೂ ಕೇಳುವುದಿಲ್ಲ. ಒಬ್ಬರು ಚೀಲ ಹಿಡಿದು ನಿಂತರೆ ನಾಲ್ಕು ಜನ ಬರುತ್ತಾರೆ.

ಮಂಕಿ ಕ್ಯಾಪ್ ಹಾಕಿಕೊಂಡು ವಾಕಿಂಗ್ ಬಂದಿದ್ದ ಹಿರಿಯರೊಬ್ಬರು ನಮ್ಮೆದುರು ನಿಂತೇಬಿಟ್ಟರು. “ಏನ್ ಸಾರ್ ಚೀಲದಲ್ಲಿ? ಪೂಜೆ ಹೂವಾ? ದಯವಿಟ್ಟು ಕೆರೆಗೆ ಹಾಕ್ಬೇಡಿ. ನೋಡೋಕೆ ಓದಿದೋರ ಥರ ಕಾಣ್ತೀರ.”

“ಹೂವಲ್ಲ ಸಾರ್, ತರಕಾರಿ” ಎಂದರು ನಮ್ಮವರು. ಜೀವಮಾನದಲ್ಲಿ ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. ಕೆರೆಯ ದಂಡೆಯಲ್ಲಿ ಆ ಹೊತ್ತಿಗೆ ಎಲ್ಲಿಯ ತರಕಾರಿ?

ಆತ ನಮ್ಮನ್ನು ಮೇಲಿಂದ ಕೆಳಗೆ ನೋಡಿ ಮುಂದೆ ಹೋದರು. ಇಪ್ಪತ್ತು ಹೆಜ್ಜೆಗೊಮ್ಮೆ ತಿರುಗಿ ನೋಡುತ್ತಲೇ ಹೋದರು. ಅವರು ಮರೆಯಾದ ಮೇಲೆ ಶಾರದಕ್ಕ ಚೀಲದೊಳಗೆ ಕೈಹಾಕಿ ಕೂರ್ಮಯ್ಯನನ್ನು ಹೊರಗೆ ತೆಗೆದರು. ನೀರಿನ ಅಂಚಿಗೆ ಬಗ್ಗಿದರು. ಆಮೆ ಕತ್ತು ಹೊರಗೆ ಚಾಚಿ, ಬಾಯಿ ತೆರೆದು, ಅವರ ಅಂಗೈ ಮೇಲೆ ಉಸಿರೆಳೆಯಿತು.

ನನಗೆ ತಡೆಯಲಾಗಲಿಲ್ಲ. “ಅಕ್ಕ, ಬೇಡ. ಅದು ಮುಳುಗಿ ಸಾಯತ್ತೆ. ನನಗೆ ನಿನ್ನೇನೇ ಗೊತ್ತಿತ್ತು. ಹೆದರ್ಕೊಂಡು ನಿಮಗೆ ಸರಿಯಾಗಿ ಹೇಳ್ಲಿಲ್ಲ.”

ಶಾರದಕ್ಕ ಬಗ್ಗಿದವರು ಬಗ್ಗಿದ ಹಾಗೇ ಇದ್ದರು. ನನ್ನನ್ನು ಬೈಯುತ್ತಾರೆ ಎಂದುಕೊಂಡೆ. ಅವರು ನಿಧಾನಕ್ಕೆ ಅಲ್ಲೇ ಕಲ್ಲಿನ ಮೇಲೆ ಕೂತು, ಆಮೆಯನ್ನು ಮಡಿಲಲ್ಲಿ ಇಟ್ಟುಕೊಂಡು, ಸೆರಗು ಮುಚ್ಚಿದರು.

“ನನ್ನ ತಮ್ಮನ ಆಯಸ್ಸಿಗೆ ಅಂತ ತಂದಿದ್ದನ್ನ ನಾನೇ ಮುಳುಗಿಸ್ತಿದ್ನಲ್ಲೇ” ಎಂದರು.

ಅವರ ಸಂಕಟ ನನಗೆ ಅರ್ಥವಾಗುತ್ತಿತ್ತು. ಆ ಆಮೆ ಸತ್ತರೆ ತಮ್ಮನಿಗೆ ಏನೋ ಆಗುತ್ತದೆ ಎಂಬ ಹೆದರಿಕೆ ಅವರಿಗೆ ಅದು ಕಾಯಿಲೆ ಬಿದ್ದಾಗಿನಿಂದ ಇತ್ತು. ಜೈಲಿಗಿಂತ ದೊಡ್ಡ ಹೆದರಿಕೆ ಅದು. ಆಮೆ ಕಣ್ಣಿಂದ ಮರೆಯಾದರೆ ಸಾಕು, ಬದುಕಿದೆ ಎಂದುಕೊಂಡು ಇರಬಹುದು ಎಂಬುದೇ ಆ ಕೆರೆಯ ಲೆಕ್ಕಾಚಾರ. ಇಂಥ ಪ್ರೀತಿಗೆ ಏನು ಹೇಳುವುದು? ನಮ್ಮವರು ಹೋಗಿ ಅಕ್ಕನ ಪಕ್ಕದಲ್ಲಿ ಕೂತರು.

ಕೊನೆಗೆ ಶಾರದಕ್ಕನೇ ಎದ್ದರು. “ನಡೀರಿ, ಕೊಟ್ಟು ಬರೋಣ. ತಂದೋಳು ನಾನು, ನಾನೇ ಹೇಳ್ತೀನಿ. ದಾರೀಲಿ ನಮ್ಮನೆ ಹತ್ರ ಐದು ನಿಮಿಷ ನಿಲ್ಲಿಸು.”

ಬನಶಂಕರಿಯಲ್ಲಿ ಐದು ನಿಮಿಷ ನಿಲ್ಲಿಸಿದೆವು. ಮನೆಯಿಂದ ಒಂದು ದೊಡ್ಡ ಕೈಚೀಲ ಹಿಡಿದು ಬಂದರು. ಏನೆಂದು ಕೇಳುವ ಧೈರ್ಯ ನನಗೂ ಇರಲಿಲ್ಲ, ನಮ್ಮವರಿಗೂ ಇರಲಿಲ್ಲ.

ಅರಣ್ಯ ಇಲಾಖೆಯ ಕಚೇರಿಯಲ್ಲಿ ಕೂತಿದ್ದ ಅಧಿಕಾರಿ ನಡುವಯಸ್ಸಿನವರು. ಕನ್ನಡಕ ಹಣೆ ಮೇಲಿತ್ತು. ಶಾರದಕ್ಕ ಮೇಜಿನ ಮುಂದೆ ನಿಂತು, ನಾವು ಬಾಯಿ ತೆರೆಯುವ ಮೊದಲೇ, ಹೆಸರು, ವಯಸ್ಸು, ವಿಳಾಸ ಎಲ್ಲ ಒಪ್ಪಿಸಿ, “ಇವರಿಬ್ಬರದೂ ತಪ್ಪಿಲ್ಲ ಸ್ವಾಮಿ. ತಂದೋಳು ನಾನು. ಏನಿದ್ರೂ ನನಗೇ ಮಾಡಿ” ಎಂದರು.

ಅಧಿಕಾರಿ ಕನ್ನಡಕ ಕೆಳಗಿಳಿಸಿ ಚೀಲದೊಳಗೆ ನೋಡಿದರು. “ಉರುಳೀಲಿ ಇಟ್ಟಿದ್ರಾ?”

“ಹೌದು ಸ್ವಾಮಿ.”

“ಮೊಸರನ್ನ?”

ಶಾರದಕ್ಕ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಏಕಾದಶಿಯ ಅವಲಕ್ಕಿ ವಿಷಯ ಬಾಯಿ ಬಿಡಲಿಲ್ಲ. (ಎಲ್ಲ ತಪ್ಪನ್ನೂ ಒಂದೇ ದಿನ ಒಪ್ಪಿಕೊಳ್ಳಬೇಕೆಂದು ಯಾವ ಕಾಯ್ದೆಯಲ್ಲೂ ಇಲ್ಲ.)

“ಕೂತ್ಕೊಳ್ಳಿ ಅಮ್ಮ” ಎಂದರು ಆತ. ಒಳಗಿಂದ ಒಬ್ಬರನ್ನು ಕರೆದು ಒಣಹುಲ್ಲು ಹಾಸಿದ ಟ್ರೇ ತರಿಸಿ, ಆಮೆಯನ್ನು ಎರಡೂ ಕೈಯಲ್ಲಿ ಎತ್ತಿ ಅದರಲ್ಲಿಟ್ಟರು. ಹೊಟ್ಟೆಯ ಭಾಗ ತಿರುಗಿಸಿ ನೋಡಿ, “ಇದು ಹೆಣ್ಣು” ಎಂದರು. ನಾಲ್ಕು ತಿಂಗಳು ಆಕೆಯನ್ನು ಅಯ್ಯ ಎಂದು ಕರೆದಿದ್ದೆವು. ಅದೂ ಒಂದು ಅಪರಾಧವೇ ಇರಬೇಕು.

ಒಂದು ಹಾಳೆಯ ಮೇಲೆ ಹೇಳಿಕೆ ಬರೆಸಿಕೊಂಡರು. ಎಲ್ಲಿಂದ ಬಂತು, ಯಾರು ತಂದುಕೊಟ್ಟರು, ಯಾವಾಗ. ವಾಸ್ತು ಮಹಾನುಭಾವರ ಫೋನ್ ನಂಬರನ್ನು ಶಾರದಕ್ಕ ಬಾಯಿಪಾಠವಾಗಿ ಹೇಳಿದರು. ಅಧಿಕಾರಿ ಅದರ ಕೆಳಗೆ ಎರಡು ಗೆರೆ ಎಳೆದರು.

“ನಮಗೆ ಬೇಕಾಗಿರೋದು ಇವರು. ಕಾಡಿಂದ ಚೀಲಗಟ್ಟಲೆ ಹಿಡಿದು ತರ್ತಾರೆ. ದಾರೀಲೇ ಎಷ್ಟೋ ಸಾಯುತ್ವೆ. ಉಳಿದಿದ್ದು ನಿಮ್ಮಂಥೋರ ಮನೆಗೆ ಬಂದು ನೀರಲ್ಲಿ ಕೂರುತ್ವೆ.”

“ಹಾಗಾದ್ರೆ ನನಗೆ?” ಶಾರದಕ್ಕನ ಧ್ವನಿ ಸಣ್ಣಗಾಗಿತ್ತು.

ಆತ ಪೆನ್ ಕೆಳಗಿಟ್ಟರು. “ನೋಡಿ ಅಮ್ಮ, ಕಾನೂನಲ್ಲಿ ಮಾಫಿ ಅಂತೇನೂ ಬರ್ದಿಲ್ಲ. ನೀವು ಮಾಡಿದ್ದು ತಪ್ಪೇ. ಆದ್ರೆ ತಾವಾಗೇ ತಂದುಕೊಟ್ಟೋರನ್ನ ನಾವು ಹಿಡ್ಕೊಂಡು ಕೂರಿಸಿದ್ರೆ ನಾಳೆಯಿಂದ ಯಾರು ಬರ್ತಾರೆ? ಎಲ್ಲರೂ ತಗೊಂಡು ಹೋಗಿ ಕೆರೆಗೆ ಎಸೀತಾರೆ. ನಮಗೆ ಆಮೆ ಉಳೀಬೇಕು. ಸೈನ್ ಮಾಡಿ, ಮನೆಗೆ ಹೋಗಿ. ಬೇಕಾದ್ರೆ ಕರೀತೀವಿ, ಆ ಮನುಷ್ಯನ ವಿರುದ್ಧ ಸಾಕ್ಷಿ ಹೇಳೋಕೆ.”

ಕೆರೆ ಎಂಬ ಮಾತು ಬಂದಾಗ ನಾವು ಮೂವರೂ ಒಟ್ಟಿಗೆ ಗೋಡೆಯ ಮೇಲಿದ್ದ ಕ್ಯಾಲೆಂಡರ್ ನೋಡಿದೆವು.

ಹೊರಗೆ ಬಂದ ಮೇಲೆ ಶಾರದಕ್ಕ ಮೆಟ್ಟಿಲ ಮೇಲೆ ಕೂತೇಬಿಟ್ಟರು. ನೀರು ಕುಡಿಯಲು ಕೈಚೀಲ ತೆರೆದರು. ನಾನು ಇಣುಕಿದೆ. ಒಂದು ವಾರಕ್ಕಾಗುವಷ್ಟು ಬಿಪಿ ಮಾತ್ರೆ. ಎರಡು ಸೀರೆ. ಶಾಲು. ವಿಷ್ಣು ಸಹಸ್ರನಾಮ. ಒಂದು ಡಬ್ಬದಲ್ಲಿ ಚಕ್ಕುಲಿ.

“ಇದೇನಕ್ಕ?”

“ಒಳಗೆ ಹಾಕಿದ್ರೆ ಅಂತ.”

ಚಕ್ಕುಲಿ ಡಬ್ಬ ತೆರೆದು ಅಲ್ಲೇ ಮೆಟ್ಟಿಲ ಮೇಲೆ ಕೂತು ಮೂವರೂ ತಿಂದೆವು. ಹಿಂದಿನ ದಿನದಿಂದ ಮೊದಲ ಸಲ ನಾಲಿಗೆಗೆ ರುಚಿ ಹತ್ತಿತ್ತು. ನಗು ಶುರುವಾದದ್ದು ಯಾರಿಂದ ಗೊತ್ತಿಲ್ಲ, ನಿಲ್ಲಿಸಲು ಮಾತ್ರ ಮೂವರಿಗೂ ಆಗಲಿಲ್ಲ. ಗಾಡಿ ನಿಲ್ಲಿಸಲು ಬಂದವರೊಬ್ಬರು ನಮ್ಮನ್ನು ಸುತ್ತು ಹಾಕಿಕೊಂಡು ಒಳಗೆ ಹೋದರು. ಎದೆಯ ಮೇಲಿನ ಕಲ್ಲು ಇಳಿಯುವುದು ಅನ್ನುತ್ತಾರಲ್ಲ, ಅದು ಇಷ್ಟು ನಿಜವಾಗಿ ಇಳಿಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ವಾರದ ಮೇಲೆ, ಇಲಾಖೆಯವರು ಆಮೆಯನ್ನು ಕಳಿಸಿದ್ದ ವನ್ಯಜೀವಿ ಪುನರ್ವಸತಿ ಕೇಂದ್ರದಿಂದ ಫೋನ್ ಬಂತು. ಮೂಗಿನ ಗುಳ್ಳೆ ನಿಂತಿದೆ, ಬಿಸಿಲಿಗೆ ಬಿಟ್ಟರೆ ತಾನಾಗಿ ನಡೆದಾಡುತ್ತಾಳೆ, ಹುಲ್ಲು ತಿನ್ನುತ್ತಾಳೆ. ಪೂರ್ತಿ ಗುಣವಾಗಿ ಡಾಕ್ಟರ್ ಒಪ್ಪಿದರೆ ಆಮೇಲೆ ಕುರುಚಲು ಕಾಡಿಗೆ. ನಾನು ಕೂಡಲೇ ಶಾರದಕ್ಕನಿಗೆ ಫೋನ್ ಮಾಡಿ ಹೇಳಿದೆ. ಅವರು ತಕ್ಷಣ ಫೋನ್ ಇಟ್ಟರು. ಅರ್ಧ ಗಂಟೆಗೆ ಮನೆಗೇ ಬಂದು, ಮೊದಲು ತಮ್ಮನ ತೋಳಿಗೆ ಬಿಪಿ ಮಿಷನ್ ಕಟ್ಟಿದರು. ನಾರ್ಮಲ್ ಬಂತು. ಆಮೇಲೆ ಅತ್ತರು. ಖುಷಿಯ ಅಳು. ಆವತ್ತಿನ ಕಾರಿಡಾರ್ ಅಳುವಿಗೂ ಇದಕ್ಕೂ ಇರುವ ವ್ಯತ್ಯಾಸ ನನಗೆ ಗೊತ್ತು. ಈ ಸಲ ನಾನೂ ಅತ್ತೆ, ಫಾರಂ ಯಾವುದೂ ಇರಲಿಲ್ಲ.

ಕಾನೂನು ಎಂದರೆ ಬೆತ್ತ ಎಂದು ನಾನು ಇಷ್ಟು ವರ್ಷ ಪಾಠ ಮಾಡಿದ್ದೆ. ಅವತ್ತು ಆ ಮೇಜಿನ ಆಚೆ ಕೂತಿದ್ದ ಕಾನೂನು ಮೊದಲು ಮುದುಕಿಗೆ ಕುರ್ಚಿ ಕೊಟ್ಟಿತು, ಆಮೇಲೆ ಆಮೆಗೆ ಒಣಹುಲ್ಲು ತರಿಸಿತು, ಕೊನೆಗೆ ಮಾರಿದವನ ನಂಬರಿಗೆ ಗೆರೆ ಎಳೆಯಿತು. ಆ ಕ್ರಮ ನನಗೆ ಬಹಳ ಹಿಡಿಸಿತು. ಎಲ್ಲ ಕಚೇರಿಯಲ್ಲೂ ಹೀಗೇ ಆಗುತ್ತದೆ ಎಂದು ನಾನು ಗ್ಯಾರಂಟಿ ಕೊಡಲಾರೆ. ನಮಗೆ ಹೀಗಾಯಿತು, ನಮ್ಮ ಪುಣ್ಯ. ಹೆದರಿಕೆಯೊಂದನ್ನೇ ನಂಬಿ ಕೂತಿದ್ದರೆ ಆ ಜೀವ ಇಷ್ಟು ಹೊತ್ತಿಗೆ ಕೆರೆಯ ತಳದಲ್ಲಿರುತ್ತಿತ್ತು, ನಾವು ಮೂವರೂ ಮರ್ಯಾದಸ್ಥರಾಗಿ ವಾಕಿಂಗ್ ಮಾಡುತ್ತಿದ್ದೆವು.

ಮೊನ್ನೆ ಈ ಕಥೆಯನ್ನು ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಹಾಕಿದೆ. ಅವಲಕ್ಕಿ ಸಮೇತ, ಕೆರೆ ಸಮೇತ, ಏನೂ ಮುಚ್ಚಿಡದೆ. ಗುಂಪಿನಲ್ಲಿ ಎರಡು ಕೈಮುಗಿಯುವ ಚಿತ್ರ ಬಂತು, ಅಷ್ಟೇ. ಆಮೇಲೆ ಒಬ್ಬೊಬ್ಬರಾಗಿ ನನಗೊಬ್ಬಳಿಗೇ ಮೆಸೇಜ್ ಬರತೊಡಗಿತು. ಮೂರನೇ ಮಹಡಿಯಿಂದ ಒಂದು, ಬಿ ಬ್ಲಾಕಿನಿಂದ ಒಂದು, ಕಮಿಟಿಯ ಮೆಂಬರ್ ಒಬ್ಬರಿಂದ ಒಂದು. ಮೂರರಲ್ಲೂ ಹೆಚ್ಚುಕಡಿಮೆ ಒಂದೇ ಸಾಲು. “ಮೇಡಂ, ಆ ಫಾರೆಸ್ಟ್ ಆಫೀಸಿನ ಅಡ್ರೆಸ್ ಸ್ವಲ್ಪ ಕಳಿಸ್ತೀರಾ? ನನಗಲ್ಲ, ಫ್ರೆಂಡ್ ಒಬ್ಬರಿಗೆ ಬೇಕಿತ್ತು.”

ಕಳಿಸಿದ್ದೇನೆ. ಅಂದಹಾಗೆ, ನಿಮ್ಮ ಫ್ರೆಂಡ್ ಮನೆಯಲ್ಲಿರುವುದು ಆಮೆಯೋ, ಗಿಣಿಯೋ?